ಸರ್ಜನ್ನರ ಬೆಂಚಿನ ಮೇಲೆ ಗಿರಿಜಾ

ಇಂಥ ಸಂಗತಿಗಳನ್ನು ಯಾರಾದರೂ ಹೇಳಲು ಶುರುಮಾಡಿದರೆ ಏನೋ ನೆಪ ತೆಗೆದು ಎದ್ದುಹೋಗುವವರ ಪೈಕಿ ನಾನು. ನಮ್ಮ ಬಳಗದಲ್ಲಿ ದೆವ್ವ ಕಂಡವರಿಗೆ, ಸತ್ತ ಹಿರಿಯರಿಂದ ಕನಸಿನಲ್ಲಿ ಬುದ್ಧಿ ಹೇಳಿಸಿಕೊಂಡವರಿಗೆ ಬರವಿಲ್ಲ. ಮದುವೆಮನೆಯಲ್ಲಿ ಊಟವಾಗಿ ಎಲೆ ಅಡಿಕೆ ಬಾಯಿಗೆ ಬಿದ್ದ ಮೇಲೆ ಅವರು ಕಥೆ ಬಿಚ್ಚಿದರೆ, "ಆ ದೆವ್ವಕ್ಕ ನನ್ನ ಅಂಗಡ್ಯಾಗಿಂದು ಒಂದು ಚೀಲ ಮೆಣಸಿನಕಾಯಿ ಮಾರಿ ತೋರಸ್ರಿ, ಆಮ್ಯಾಲೆ ನಂಬತೀನಿ" ಎಂದು ಚೇಷ್ಟೆ ಮಾಡುತ್ತಿದ್ದೆ. ಈಗ ನಾನೇ ಬಾಯಿ ತೆರೆದರೆ ಅವರೆಲ್ಲ ನಗುತ್ತಾರೆ. ನಗಲಿ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ನನ್ನದು ಒಣಮೆಣಸಿನಕಾಯಿಯ ದಲಾಲಿ ಅಂಗಡಿ. ಬ್ಯಾಡಗಿಯಿಂದ ಬಂದ ಚೀಲ ಬಿಚ್ಚಿಸಿ, ಕಾಯಿ ಮುರಿದು, ಬಣ್ಣ ನೋಡಿ ದರ ಹೇಳುವ ಕೆಲಸ. ಆದರೆ ಅದರ ಒಂದು ಬೀಜ ನಾಲಗೆಗೆ ತಾಕಿದರೂ ನನಗೆ ಆಗುತ್ತಿರಲಿಲ್ಲ. ತೊಂಬತ್ತರ ದಶಕದ ಶುರುವಿನಲ್ಲಿ ಹತ್ತಿಕೊಂಡ ಎದೆಯುರಿ ವರ್ಷ ಕಳೆದ ಹಾಗೆ ಹೆಚ್ಚುತ್ತಲೇ ಹೋಯಿತು. ಮಲಗಿದರೆ ಸಾಕು, ಹುಳಿನೀರು ಗಂಟಲಿಗೆ ಉಕ್ಕಿ ಬಂದು ಉಸಿರು ಕಟ್ಟಿಸುತ್ತಿತ್ತು. ಗೋಡೆಗೆ ದಿಂಬು ಒತ್ತಿಕೊಂಡು ಕೂತೇ ನಿದ್ದೆ ಮಾಡುತ್ತಿದ್ದೆ. ಗುಳಿಗೆ ನುಂಗಿದೆ, ಜೀರಿಗೆ ನೀರು ಕುಡಿದೆ, ಯಾರು ಏನು ಹೇಳಿದರೆ ಅದನ್ನೆಲ್ಲ ಮಾಡಿದೆ. ನನ್ನ ಹೆಂಡತಿ ಗಿರಿಜಾ ಮನೆಯಲ್ಲಿ ಖಾರವನ್ನೇ ನಿಲ್ಲಿಸಿಬಿಟ್ಟಳು. ಖಾರವಿಲ್ಲದ ಎಣ್ಣೆಗಾಯಿಯನ್ನು ವಿಜಾಪುರದ ಕಡೆಯವರು ಯಾರಾದರೂ ಉಂಡಾರೆಯೇ? ನನ್ನ ಸಲುವಾಗಿ ಅವಳು ಉಂಡಳು, ಒಂದು ದಿನವೂ ಮುಖ ಸೊಟ್ಟ ಮಾಡದೆ.

ಕೊನೆಗೆ ಆಪರೇಷನ್ ಮಾಡಿಸುವುದೆಂದು ಠರಾಯಿಸಿದೆವು. ದೊಡ್ಡ ಆಸ್ಪತ್ರೆಯೊಂದರಲ್ಲಿ ಗಂಟಲೊಳಗೆ ನಳಿಕೆ ಇಳಿಸಿ ನೋಡಿ, ಒಳಗೆ ಹುಣ್ಣಾಗಿದೆ, ಬೇರೆ ಏನೂ ಇಲ್ಲ ಎಂದಿದ್ದರು. ಜಠರದ ಮೇಲ್ಭಾಗವನ್ನು ಅನ್ನನಾಳದ ಸುತ್ತ ಸುತ್ತಿ ಹೊಲಿದರೆ ಹುಳಿ ಮೇಲೆ ಬರುವುದಿಲ್ಲವಂತೆ. ಹೊಟ್ಟೆ ಕೊಯ್ಯದೆ, ಸಣ್ಣ ತೂತುಗಳಿಂದ ದುರ್ಬೀನು ಹಾಕಿ ಮಾಡುತ್ತಾರಂತೆ. ಕೆಲವು ತಿಂಗಳ ನಂತರ ಮತ್ತೆ ಹೋದಾಗ ಅಲ್ಲಿಯ ಸರ್ಜನ್ ಹಳೆಯ ರಿಪೋರ್ಟನ್ನೇ ತಿರುವಿಹಾಕಿ, ಮುಖ ಮೇಲೆತ್ತದೆ, ಬರುವ ವಾರ ಆಪರೇಷನ್ನಿಗೆ ಬನ್ನಿ ಅಂದರು.

ಆ ತಿಂಗಳುಗಳಲ್ಲಿ ಇನ್ನೊಂದು ತೊಂದರೆ ಶುರುವಾಗಿತ್ತು. ನುಂಗಿದ ತುತ್ತು ಎದೆಯ ನಡುವೆ ನಿಂತುಬಿಡುತ್ತಿತ್ತು. ಮೇಲೊಂದು ಗುಟುಕು ನೀರು ಕುಡಿದರೆ ನಿಧಾನ ಕೆಳಗಿಳಿಯುತ್ತಿತ್ತು. ನನ್ನ ತಂದೆ ಅನ್ನನಾಳದ ಕ್ಯಾನ್ಸರಿನಿಂದ ಹೋದವರು, ಅವರಿಗೂ ಮೊದಲು ಹೀಗೇ ಆಗಿತ್ತು. ಇದನ್ನು ನಾನು ಡಾಕ್ಟರಿಗೆ ಹೇಳಲಿಲ್ಲ, ಹೆಂಡತಿಗೂ ಹೇಳಲಿಲ್ಲ. ಹೇಳಿದರೆ ಆ ರೋಗದ ಹೆಸರು ಎತ್ತುತ್ತಾರೆಂಬ ಹೆದರಿಕೆ. ಬಾಯಿ ಮುಚ್ಚಿಕೊಂಡಿದ್ದರೆ ಅದು ಇಲ್ಲವೇ ಇಲ್ಲ ಎಂಬ ಹುಚ್ಚು ಧೈರ್ಯ.

ಯಾರ್ಡಿನ ಗೇಟಿನೆದುರು ಹೋಟೆಲು ನಡೆಸುವ ಕುಂದಾಪುರದ ಶೆಟ್ಟರು ನನ್ನ ಗೆಳೆಯರು. ಆಪರೇಷನ್ ಸುದ್ದಿ ಕೇಳಿ ಗಲ್ಲಾ ಬಿಟ್ಟು ಎದ್ದು ಬಂದರು. "ಒಬ್ಬರ ಮಾತು ಕೇಳಿ ಹೊಟ್ಟೆ ಕೊಟ್ಟು ಮಲಗುದಾ ಮಾರಾಯ್ರೆ? ಇನ್ನೊಬ್ಬರಿಗೆ ತೋರಿಸಿ. ನಮ್ಮ ಅಣ್ಣನಿಗೆ ಮಾಡಿದ ಸರ್ಜನ್ ಇದ್ದಾರೆ, ಮಾತಾಡಿಸಿ ನೋಡ್ತಾರೆ" ಎಂದು ಸದಾಶಿವ ಪೇಠೆಯ ವಿಳಾಸ ಕೊಟ್ಟರು.

ಅಲ್ಲಿಗೆ ಗಿರಿಜಾ ಬರುವ ಹಾಗಿರಲಿಲ್ಲ. ಹಿಂದಿನ ವಾರ ಮಾಳಿಗೆಯ ಮೇಲೆ ಸಂಡಿಗೆ ಒಣಹಾಕುವಾಗ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದಳು. ತೊಡೆಯಿಂದ ಪಾದದವರೆಗೆ ಪ್ಲಾಸ್ಟರು. ಕೊಂಢವಾದಲ್ಲಿ ನಮ್ಮ ಮನೆ ಮೂರನೆಯ ಮಹಡಿಯಲ್ಲಿ, ಲಿಫ್ಟು ಇಲ್ಲ. ನಾನು ಹೊರಟಾಗ ಮಂಚದ ಮೇಲಿಂದಲೇ, "ನೀವು ಒಬ್ರ ಹೋದ್ರ ಅರ್ಧಾ ಹೇಳ್ತೀರಿ, ಅರ್ಧಾ ಮುಚ್ಚಿಡ್ತೀರಿ" ಅಂದಳು. ನಕ್ಕು ಚಪ್ಪಲಿ ಮೆಟ್ಟಿದೆ.

ಹಳೆಯ ಕಟ್ಟಡ, ಕಡಿದಾದ ಮೆಟ್ಟಿಲು, ಮೇಲೆ ಗೋಡೆಗುಂಟ ಒಂದು ಉದ್ದನೆಯ ಬೆಂಚು. ಇಳಿಮಧ್ಯಾಹ್ನ, ನನ್ನ ಹೊರತು ಪೇಶಂಟುಗಳಿರಲಿಲ್ಲ. ರಿಪೋರ್ಟು ತೊಡೆಯ ಮೇಲಿಟ್ಟುಕೊಂಡು, ಏನು ಹೇಳುವುದು ಏನು ಬಿಡುವುದು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ. ನುಂಗುವ ಮಾತು ಎತ್ತಬಾರದೆಂದು ಗಟ್ಟಿ ಮಾಡಿಕೊಂಡೆ.

ಆಗ ಪಕ್ಕಕ್ಕೆ ನೋಡಿದರೆ ಗಿರಿಜಾ ಕೂತಿದ್ದಳು.

ಓದುವವರು ಇಲ್ಲಿ ಬೆಚ್ಚಬಹುದು, ನಾನು ಬೆಚ್ಚಲಿಲ್ಲ. ಅದೇ ನನಗೆ ಇವತ್ತಿಗೂ ಬಿಡಿಸಲಾಗದ್ದು. ಅವಳು ಎಲ್ಲಿ ಹೋದರೂ ಕೂರುವ ಹಾಗೆ, ಚಪ್ಪಲಿ ಕೆಳಗೆ ಬಿಟ್ಟು, ಎರಡೂ ಕಾಲು ಮಡಚಿ ಬೆಂಚಿನ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡಿದ್ದಳು. ದವಾಖಾನೆಯಲ್ಲಿ ಹೀಗೆ ಕೂತರೆ ನನಗೆ ಸಂಕೋಚವಾಗುತ್ತದೆ. ಅವತ್ತೂ ಅದೇ ಸಂಕೋಚವಾಗಿ "ಕಾಲ ಕೆಳಗ ಬಿಡು" ಎಂದು ಪಿಸುಗುಟ್ಟಿದೆ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ನನ್ನ ಮೊಣಕಾಲ ಮೇಲೆ ಕೈಯಿಟ್ಟು, "ನುಂಗಿದ್ದು ಎದಿಯಾಗ ನಿಂದರತದ ಅಂತ ಹೇಳ್ರಿ. ಎಲ್ಲಾಕಿಂತ ಮೊದಲ ಅದನ್ನ ಹೇಳ್ರಿ. ಹೆದರಬ್ಯಾಡ್ರಿ" ಅಂದಳು. ಕೈ ಬೆಚ್ಚಗಿತ್ತು.

ಅಷ್ಟರಲ್ಲಿ ಮೇಜಿನ ಹಿಂದೆ ಕೂತಿದ್ದ ಹೆಂಗಸು ನನ್ನ ಹೆಸರು ಕರೆದಳು. ನಾನು ಏಳುತ್ತಿದ್ದಂತೆ ನನ್ನ ಪಕ್ಕಕ್ಕೆ ನೋಡಿ, "ವಹಿನೀ, ತುಮ್ಹಿ ಇಥೇಚ್ ಬಸಾ" ಎಂದು, ಅತ್ತಿಗೆಯವರು ಇಲ್ಲೇ ಕೂತಿರಲೆಂದು ಮರಾಠಿಯಲ್ಲಿ ಹೇಳಿದಳು.

ಒಳಗೆ ಹೋಗಿ ಎಲ್ಲಕ್ಕಿಂತ ಮೊದಲು ಅದನ್ನೇ ಹೇಳಿದೆ. ಸರ್ಜನ್ ಪೆನ್ನು ಕೆಳಗಿಟ್ಟರು. ಎಂದಿನಿಂದ, ನಿಲ್ಲುವುದು ಗಟ್ಟಿ ತುತ್ತೋ ನೀರೂ ಸಹವೋ ಎಂದು ಒಂದೊಂದಾಗಿ ಕೇಳಿದರು. ತಂದೆಯ ಕಥೆಯೂ ನನ್ನ ಬಾಯಿಂದ ತಾನಾಗಿ ಬಂತು. ಅವರು, ಮತ್ತೊಮ್ಮೆ ನಳಿಕೆ ಇಳಿಸಿ ನೋಡೋಣ, ಮುಂಬಯಿಗೆ ಹೋಗಿ ಅನ್ನನಾಳದ ಒತ್ತಡ ಅಳೆಯುವ ಪರೀಕ್ಷೆಯನ್ನೂ ಮಾಡಿಸಿಕೊಂಡು ಬನ್ನಿ, ಅದಿಲ್ಲದೆ ನಾನು ಕೈ ಹಚ್ಚುವುದಿಲ್ಲ ಎಂದರು.

ಹೊರಗೆ ಬಂದರೆ ಬೆಂಚು ಖಾಲಿ. ಕೇಳಿದ್ದಕ್ಕೆ ಮೇಜಿನ ಹೆಂಗಸು, ಈಗಷ್ಟೇ ಕೆಳಗೆ ಹೋದರಲ್ಲ ಅಂದಳು. ಮೆಟ್ಟಿಲಿಳಿದು ರಸ್ತೆಯಲ್ಲಿ ಹುಡುಕಿದೆ, ಎದುರಿನ ಕಬ್ಬಿನ ರಸದ ಅಂಗಡಿಯಲ್ಲಿ ಇಣುಕಿದೆ. ಹೇಳದೆ ಹೋದಳಲ್ಲ ಎಂದು ಸಿಟ್ಟೂ ಬಂತು. ರಿಕ್ಷಾಕ್ಕೆ ಕೈ ಎತ್ತಿದಾಗ ಅವಳ ಕಾಲಿನ ಪ್ಲಾಸ್ಟರು ನೆನಪಾಯಿತು. ಎತ್ತಿದ ಕೈ ಹಾಗೇ ನಿಂತಿತು. ರಿಕ್ಷಾದವನು ಬೈದು ಮುಂದೆ ಹೋದ.

ಮನೆಗೆ ಬಂದಾಗ ಗಿರಿಜಾ ಮಂಚದ ಮೇಲಿದ್ದಳು, ಕಾಲು ದಿಂಬಿನ ಮೇಲೆ. ಪಕ್ಕದ ಮನೆಯ ಶಿಂದೆ ವಹಿನಿ ಮಧ್ಯಾಹ್ನದಿಂದ ಅಲ್ಲೇ ಮೆಂತ್ಯೆ ಸೊಪ್ಪು ಸೋಸುತ್ತ ಕೂತಿದ್ದರು. ಇವಳು ನಡುವೆ ಸ್ವಲ್ಪ ಕಣ್ಣು ಮುಚ್ಚಿದ್ದಳಂತೆ, ಅಷ್ಟೇ. ವಹಿನಿ ಹೋದ ಮೇಲೆ, "ಎಲ್ಲಿಗೂ ಹೋಗಿದ್ದಿಲ್ಲೇನು ನೀ?" ಎಂದು ಕೇಳಿದೆ.

"ಈ ಕಾಲ ತಗೊಂಡ ಎಲ್ಲಿಗಿ ಹೋಗ್ಲಿ?" ಎಂದು ನಕ್ಕಳು. ಮರುಕ್ಷಣ, "ನುಂಗೂದು ಹೇಳಿದ್ರ್ಯೋ ಇಲ್ಲೋ?" ಅಂದಳು.

ಇದು ನಿನಗೆ ಹೇಗೆ ಗೊತ್ತು ಎಂದದ್ದಕ್ಕೆ ಅವಳಿಗೇ ಆಶ್ಚರ್ಯವಾಯಿತು. "ದಿನಾ ಎದುರಿಗಿ ಕೂತು ನಿಮಗ ರೊಟ್ಟಿ ಹಾಕಾಕಿ ನಾ. ತುತ್ತಿಗೊಮ್ಮೆ ನೀರ ಕುಡೀತೀರಿ. ನನಗ ಕಣ್ಣಿಲ್ಲೇನ್ರಿ? ನೀವಾಗಿ ಹೇಳ್ತೀರಿ ಅಂತ ಕಾದೆ."

ನಮ್ಮಲ್ಲಿ ಗಂಡನ ಊಟ ಮುಗಿದ ಮೇಲೆ ಹೆಂಡತಿ ಉಣ್ಣುವುದು. ಅಷ್ಟು ದಿನ ನಾನು ನನ್ನ ತಾಟು ನೋಡಿಕೊಂಡು ಉಂಡೆ, ಅವಳು ನನ್ನನ್ನು ನೋಡುತ್ತ ಕೂತಿದ್ದಳು. ಬೆಂಚಿನ ಸಂಗತಿ ಹೇಳಿದೆ. ಗಿರಿಜಾ ಕಾಲಡಿಯ ದಿಂಬು ಸರಿಪಡಿಸಿಕೊಂಡಳು. ಆಮೇಲೆ, "ಬರಬೇಕಂತ ಭಾಳ ಅನಿಸಿತ್ತು. ನನಗ ಅಷ್ಟ ಗೊತ್ತು" ಅಂದಳು.

ಕ್ಯಾನ್ಸರ್ ಇರಲಿಲ್ಲ. ಆದರೆ ಪರೀಕ್ಷೆಯಲ್ಲಿ ಅನ್ನನಾಳದ ಕಸುವು ಕುಂದಿದ್ದು ಗೊತ್ತಾಯಿತು. ಪೂರ್ತಿ ಬಿಗಿಯಾಗಿ ಸುತ್ತಿದ್ದರೆ ತುತ್ತು ಕೆಳಗಿಳಿಯುವುದೇ ಕಷ್ಟವಾಗುತ್ತಿತ್ತು, ಅರ್ಧ ಸುತ್ತು ಹಾಕುತ್ತೇನೆ ಎಂದು ಸರ್ಜನ್ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಹಾಗೇ ಮಾಡಿದರು. ತಿಂಗಳೊಪ್ಪತ್ತಿನಲ್ಲಿ ಚಪ್ಪಟೆಯಾಗಿ ಮಲಗಿ ನಿದ್ದೆ ಮಾಡಿದೆ. ನಾನು ಎಂದಿನಂತೆ ರಾತ್ರಿ ಕೆಮ್ಮದಿದ್ದುದಕ್ಕೇ ಹೆದರಿ ಗಿರಿಜಾ ನನ್ನನ್ನು ಎಬ್ಬಿಸಿ ನೋಡಿದಳು!

ದಣಿವು, ಭಯ, ಖಾಲಿ ಹೊಟ್ಟೆ, ಕಣ್ಣಿನ ಭ್ರಮೆ: ಈ ಎಲ್ಲ ವಿವರಣೆಗಳನ್ನೂ ನಾನೇ ನನಗೆ ಕೊಟ್ಟುಕೊಂಡಿದ್ದೇನೆ. ಮೇಜಿನ ಹೆಂಗಸು ನಡುವೆ ಬಾರದಿದ್ದರೆ ಒಪ್ಪಿಯೂ ಬಿಡುತ್ತಿದ್ದೆ. ಪ್ಲಾಸ್ಟರು ತೆಗೆದ ಮೇಲೆ ಗಿರಿಜಾಳನ್ನು ಅಲ್ಲಿಗೆ ಕರೆದೊಯ್ದಾಗ, ಅವತ್ತು ಹೇಳದೆಯೇ ಹೋಗಿಬಿಟ್ಟಿರಲ್ಲ ಎಂದು ಆಕೆ ಇವಳನ್ನೇ ಕೇಳಿದಳು. ಗಿರಿಜಾ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಅವತ್ತು ಬೇರೆ ಯಾರೋ ಹೆಂಗಸು ಬಂದು ಕೂತಿರಬಹುದು, ಆಕೆಗೆ ಗುರುತು ತಪ್ಪಿರಬಹುದು. ಇರಬಹುದು. ಹಾಗಾದರೆ ನನ್ನ ಮೊಣಕಾಲ ಮೇಲಿದ್ದ ಕೈ ಯಾರದು?

ಕೆಲವು ವರ್ಷ ಕಳೆದು ಗಿರಿಜಾಳಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಯಿತು. ಒಳಗೆ ಹೋಗುವಾಗ ಅವಳ ತುಟಿ ಒಣಗಿತ್ತು, ಹೆದರಿದ್ದಳು. ಬಾಗಿಲು ಮುಚ್ಚಿತು. ಹೊರಗೆ ಕೂತು ನಾನು ಕಣ್ಣು ಮುಚ್ಚಿ, ಜೀವವನ್ನೆಲ್ಲ ಒಟ್ಟುಮಾಡಿ, ಅವಳ ಹತ್ತಿರ ಹೋಗಲು ಪ್ರಯತ್ನಪಟ್ಟೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ನಿಜ. ಅವಳಿಗೆ ಸಾಧ್ಯವಾದದ್ದು ನನಗೂ ಸಾಧ್ಯವಾಗಬೇಕು, ಅಷ್ಟು ಪ್ರೀತಿ ನನ್ನಲ್ಲೂ ಇದೆ ಎಂದು ಹಟ ಹಿಡಿದೆ.

ವಾರ್ಡಿಗೆ ತಂದು ಮಲಗಿಸಿ, ಅವಳಿಗೆ ಸರಿಯಾಗಿ ಎಚ್ಚರವಾದ ಮೇಲೆ ಬಗ್ಗಿ ಕೇಳಿದೆ: "ಒಳಗ ನಾ ಬಂದಿದ್ನೇನು?"

ಅವಳು ಪ್ರಾಮಾಣಿಕವಾಗಿ ಸ್ವಲ್ಪ ಹೊತ್ತು ನೆನಪು ಮಾಡಿಕೊಂಡಳು. "ಇಲ್ರಿ" ಅಂದಳು.

ನನ್ನ ಮುಖ ಸಣ್ಣದಾದದ್ದು ಕಂಡಿರಬೇಕು. ಸಲಾಯಿನ್ ಹಚ್ಚಿದ ಕೈಯನ್ನೇ ನಿಧಾನವಾಗಿ ಸರಿಸಿ ನನ್ನ ಕೈಮೇಲೆ ಇಟ್ಟಳು.

"ಇರ್ಲಿ ಬಿಡ್ರಿ. ಈಗ ಬಂದೀರಲ್ಲ."