ಕಲ್ಲುಸೇತುವೆಯ ಮಗಳು ಚಾವ್‌ಮೇ

ಚಾವ್‌ಮೇ ಅಜ್ಜಿಗೆ ಇಬ್ಬರು ಅಪ್ಪಂದಿರು. ಹೆತ್ತವನು ಎಂದೋ ಸತ್ತ. ಇನ್ನೊಬ್ಬ ನಮ್ಮೂರ ಹೊಳೆಯ ಮೇಲಿನ ಕಲ್ಲುಸೇತುವೆ. ಗುಯಿಝೌ ಬೆಟ್ಟಗಳ ನಮ್ಮ ಕಡೆ ಕೂಸು ಸೊರಗಿದರೆ ಅದನ್ನು ಸೇತುವೆಗೆ ಮಗುವಾಗಿ ಒಪ್ಪಿಸಿಬಿಡುತ್ತೇವೆ. ಹಾಗೆ ಬದುಕುಳಿದವರು ಹೊಸವರ್ಷಕ್ಕೆ ಅನ್ನ, ಹಂದಿಮಾಂಸ ಇಟ್ಟು ಕೈಮುಗಿದರೆ ಸಾಕು. ಈಕೆಗೆ ಅಷ್ಟು ಸಾಲಲಿಲ್ಲ. ಕಲ್ಲುಕುಟಿಗನನ್ನೇ ಮದುವೆಯಾಗಿ, ಅವನಿಂದ ಉಳಿ ಹಿಡಿಯುವುದನ್ನು ಕಲಿತು, ಅಪ್ಪನ ಮೈಮೇಲೆ ಮೊಳೆತ ಗಿಡಗಳನ್ನು ಐವತ್ತು ವರ್ಷ ಕಿತ್ತಳು. ಬಾಯಿ ಮಾತ್ರ ಉಳಿಗಿಂತ ಹರಿತ. ಪಕ್ಕದ ಮನೆಯವನು ನಾನು, ಸಾಕಷ್ಟು ಬೈಸಿಕೊಂಡಿದ್ದೇನೆ.

ಹೋದ ವಸಂತದಲ್ಲಿ ಫಾಂಗ್ ಎಂಬ ಎಂಜಿನಿಯರ್ ಬಂದ. ಕಲ್ಲಿನ ನಡುವೆ ಗಾರೆಯೇ ಇಲ್ಲ, ಸಂದಿಗಳಿಗೆಲ್ಲ ಸಿಮೆಂಟ್ ತುಂಬಬೇಕು, ಇಲ್ಲದಿದ್ದರೆ ಸೇತುವೆ ಮುಚ್ಚಬೇಕು ಎಂದ. ಮುಚ್ಚಿದರೆ ಆಚೆ ದಡದ ಗುಹೆಗೆ ಬೇರೆ ದಾರಿಯಿಲ್ಲ. ನಾವು ಬಿದಿರಿನ ಕಾಗದ ಮಾಡುವುದು ಆ ಗುಹೆಯೊಳಗೆ.

"ಸಿಮೆಂಟ್ ತುಂಬಿದ್ರೆ ಒಳಗಿನ ನೀರು ಎಲ್ಲಿಂದ ಹೊರಗೆ ಬರ್ಬೇಕು ಸಾಹೇಬ್ರೇ, ನಿಮ್ಮ ಮೂಗಿಂದ್ಲಾ?" ಎಂದಳು ಅಜ್ಜಿ. "ಚಳೀಲಿ ಹೆಪ್ಪುಗಟ್ಟಿ ಕಲ್ಲೇ ಸೀಳುತ್ತೆ."

"ಲೆಕ್ಕ ಹಾಕಿ ನೋಡಿದೀವಿ ಅಜ್ಜಿ. ಇದು ಭಾರ ತಡೆಯಲ್ಲ."

"ಲೆಕ್ಕ ಹಾಕಿದ್ದು ಸೇತುವೆ ಮೇಲೆ ನಿಂತೋ, ಮೇಜಿನ ಮುಂದೆ ಕೂತೋ?"

ಫಾಂಗ್ ಮುಖ ಕೆಂಪಾಯಿತು. ನಾವು ಮನಸಾರೆ ನಕ್ಕೆವು.

ಮರುದಿನ ಬೆಳಿಗ್ಗೆ ಸಿಮೆಂಟ್ ಲಾರಿ ಬರುವ ಹೊತ್ತಿಗೆ ಎಪ್ಪತ್ತರ ಮುದುಕಿ ಕಮಾನಿನ ಅಡಿ ಏಣಿ ಹತ್ತಿ, ಗುಹೆಯ ಕಾಗದವನ್ನು ಉದ್ದುದ್ದ ಹರಿದು, ಒಂದೊಂದು ಸಂದಿಗೂ ಅಡ್ಡಲಾಗಿ ಗಂಜಿಯಲ್ಲಿ ಅಂಟಿಸಿದ್ದಳು. ಒಟ್ಟು ಇಪ್ಪತ್ತೊಂಬತ್ತು ಪಟ್ಟಿ. ಗಂಡ ಕಲಿಸಿದ ಉಪಾಯ. ಕಲ್ಲು ಕೂದಲೆಳೆಯಷ್ಟು ಅಲುಗಿದರೂ ಕಾಗದ ಹರಿದುಹೋಗುತ್ತದೆ. ಗಂಜಿ ಒಣಗಿದ ಮೇಲೆ ಕೆಳಗಿನಿಂದಲೇ ಕೂಗಿದಳು, "ಏನ್ರೋ, ಕಾಲಿಗೆ ಬೇರು ಬಿಟ್ಟಿದ್ಯಾ? ಎಮ್ಮೆ ಹೊಡ್ಕೊಂಡು ಬನ್ರೋ!"

ಊರಿನ ಹದಿನಾಲ್ಕು ಎಮ್ಮೆ, ಹಿಂದೆ ಒದ್ದೆ ಕಾಗದದ ಹೊರೆ ಹೊತ್ತ ನಾವೆಲ್ಲ ಸೇತುವೆ ಹತ್ತಿದೆವು. ಅಜ್ಜಿ ಕಮಾನಿನ ಅಡಿಯಿಂದ ಕದಲಲಿಲ್ಲ.

"ಈಚೆ ಬನ್ನಿ ಅಜ್ಜಿ! ಬಿದ್ರೆ?" ಎಂದು ಫಾಂಗ್ ಕಿರುಚಿದ.

"ಬಿದ್ರೆ ನೀವು ಗೆದ್ರಿ."

ನನಗೆ ಭಯವಾಗಿತ್ತು, ಸುಳ್ಳೇಕೆ ಹೇಳಲಿ. ಆದರೂ ಆ ಮುದುಕಿಯನ್ನು ಕೆಳಗೆ ಒಬ್ಬಳೇ ಬಿಟ್ಟು ನಿಲ್ಲಲು ಯಾರಿಗೂ ಮನಸ್ಸು ಬರಲಿಲ್ಲ. ನಡುವಿನಲ್ಲಿ ನಿಂತೆವು, ಕುಣಿದೆವು, ಮತ್ತೆ ದಾಟಿದೆವು.

ಫಾಂಗ್ ಕೆಳಗಿಳಿದು ಪಟ್ಟಿಗಳನ್ನು ನೋಡುತ್ತ ಬಂದ. ಅವನಿಗೆ ಕಂಡವೆಲ್ಲ ನೆಟ್ಟಗಿದ್ದವು. ಸಮಾಧಾನದಿಂದಲೋ ಸೋತೋ ನಿಟ್ಟುಸಿರುಬಿಟ್ಟು ಹಿಂದಿರುಗುತ್ತಿದ್ದವನ ತೋಳು ಹಿಡಿದು ಅಜ್ಜಿಯೇ ನಿಲ್ಲಿಸಿದಳು. ದಡದ ಪಕ್ಕದ ಮಬ್ಬುಗತ್ತಲಲ್ಲಿ ಒಂದು ಪಟ್ಟಿ ಹರಿದಿತ್ತು. ಅವನ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ.

"ಇದೊಂದು ಸಡಿಲ ಆಗಿದೆ, ಬರ್ಕೊಳಿ," ಎಂದಳು. "ಬೇರು ನುಗ್ಗಿದೆ. ಮೂರು ದಿನದಲ್ಲಿ ಬಿಗಿ ಮಾಡ್ತೀನಿ. ಉಳಿದ ಇಪ್ಪತ್ತೆಂಟಕ್ಕೆ ಸಿಮೆಂಟ್ ಹಾಕ್ಬೇಕು ಅಂದ್ರೆ ಮೊದ್ಲು ನನ್ನ ಬಾಯಿಗೆ ತುಂಬಿ."

ಫಾಂಗ್ ಬರೆದುಕೊಂಡ, ಒಂದು ಸಂದಿ ಎಂದು. ಲಾರಿ ಬಂದ ದಾರಿಯಲ್ಲೇ ಹಿಂದಿರುಗಿತು. ಅಜ್ಜಿ ಅದರತ್ತ ತಿರುಗಿಯೂ ನೋಡಲಿಲ್ಲ. ಆಗಲೇ ಏಣಿ ಹತ್ತಿ ಬೇರು ಕೀಳುತ್ತಿದ್ದಳು.