ಬಂದೂಕಿಗೆ ಕೂಡಿಸಿದ ಸಾಗವಾನಿ ತುಂಡು

ಮೊಮ್ಮಗಳು ಹುಟ್ಟಿದ ಸುದ್ದಿ ಬಂದಾಗ ನಾನು ಕುವೈತ್ ಸಿಟಿಯ ಹಳೆಯ ಸೂಕ್ ಬಜಾರಿನ ಹಿಂದೆ, ವೀಸಾ ಕೊಟ್ಟು ಕರೆಸಿದ ಧಣಿ ಕಫೀಲನ ಅಂಗಡಿಯಲ್ಲಿ, ಹಳೆಯ ಬಂದೂಕೊಂದರ ಮರಕ್ಕೆ ಎಣ್ಣೆ ತಿಕ್ಕುತ್ತಿದ್ದೆ.

ನನ್ನ ಕಫೀಲನಿಗೆ ಸೈನ್ಯದವರು ಬೇಡವೆಂದು ಮಾರಿದ ಬಂದೂಕುಗಳ ಹುಚ್ಚು. ಗುಂಡು ಹಾರದವು, ಪರವಾನಗಿ ಪಡೆದು ಗೋಡೆಗೆ ತೂಗುಹಾಕುತ್ತಿದ್ದ. ನಾನು ಬಡಗಿ, ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನು. ಕಬ್ಬಿಣದ ಮೇಲಿನ ಅಕ್ಷರ ತಿಳಿಯದು, ಮರ ತಿಳಿಯುತ್ತದೆ. ಮರ ಮೊದಲಿನದೋ, ಆಮೇಲೆ ಯಾರಾದರೂ ಕತ್ತರಿಸಿ ಕೂಡಿಸಿದ್ದೋ ಎಂದು ನಾನು ಹೇಳಿದ ಮೇಲೆಯೇ ಅವನು ಕೊಳ್ಳುವುದು. ಹೀಗೆ ನೋಡಿ ನೋಡಿ ಹದಿನೆಂಟು ವರ್ಷಗಳಲ್ಲಿ ಕಣ್ಣು, ಸೊಂಟ ಎರಡೂ ಸೋತಿದ್ದವು.

ಫೋನಿನಲ್ಲಿ ಹೆಂಡತಿ, "ಏನ್ರೀ, ಹೆಣ್ಣು ಹುಟ್ಟ್ಯಾಳ! ಹದಿಮೂರನೇ ದಿನಕ್ಕ ತೊಟ್ಟಲಕ್ಕ ಹಾಕಿ ಹೆಸರಿಡ್ತೀವಿ. ಬರ್ತೀರೋ, ಇಲ್ಲಾ ಅಲ್ಲೇ ಬಂದೂಕ ಎತ್ತಾಡಿಸ್ಕೋತ ಕೂಡ್ತೀರೋ?" ಎಂದಳು.

ಕಫೀಲ್ ರಜೆಗೆ ಒಪ್ಪಿದ. ಹೊಸದಾಗಿ ಬಂದ ಒಂದು ತ್ರೀ ನಾಟ್ ತ್ರೀ ಬಂದೂಕು ನೋಡಿಕೊಟ್ಟು ಹೋಗು ಎಂದ. ನಾನು ಅದನ್ನು ಬೆಳಕಿಗೆ ಹಿಡಿದು ಒಂದು ಸಲ ಹೊರಳಿಸಿದೆ. ಕೈಯಲ್ಲಿ ಬಂದೂಕು, ಕಣ್ಣೊಳಗೆ ಕೂಸು. "ಅಸಲಿ" ಎಂದುಬಿಟ್ಟೆ. ಮರ ಬಿಚ್ಚಿ ನೋಡದೆ ಮಾತಾಡಿದ್ದು ಅದೇ ಮೊದಲು.

ಮರುದಿನ ಎಣ್ಣೆ ತಿಕ್ಕುವಾಗ ಅರಿವೆಗೆ ಚಹಾದ ಬಣ್ಣ ಹತ್ತಿತು. ಹಳೆಯ ಮರ ಹೀಗೆ ಬಣ್ಣ ಬಿಡದು. ಕಬ್ಬಿಣದ ಪಟ್ಟಿ ಸಡಿಲಿಸಿ ಮರ ಬಿಚ್ಚಿದೆ. ಹೊರಗಿನ ಬಣ್ಣ ಯಾರಾದರೂ ಹೊಂದಿಸಬಹುದು, ಬಂದೂಕಿನ ನಳಿಗೆ ಕೂರುವ ಒಳಗಾಲುವೆಯ ಬಣ್ಣ ಹೊಂದಿಸಲಾಗದು. ಹಿಂದಿನ ಭಾಗ ಎಣ್ಣೆ ಕುಡಿದು ಕಪ್ಪಾಗಿತ್ತು. ಮುಂದಿನ ಗೇಣುದ್ದ ಬರೀ ಕಂದು. ಅದನ್ನು ಉಗುರಿನಿಂದ ಕೆರೆದು ಮೂಸಿದೆ. ಸಾಗವಾನಿ! ಹಿಂದಿನದು ಅಕ್ರೋಟ ಮರ. ಕೂಡಿಸಿದ ಕಡೆ ತಿರುಪಿನ ಬದಲು ಬಿದಿರಿನ ಗೂಟ. ನಮ್ಮ ಕಡೆಯ ಬಡಗಿಯದೇ ಕೈ. ಎಂಥ ಚಂದದ ಕೆಲಸ ಅಂತೀರಿ!

ಸುಮ್ಮನಿದ್ದರೆ ಮೂರನೆಯ ದಿನ ವಿಮಾನ. ಹೇಳಿದರೆ, ಮಾರಿದವನು ಬರುವ ತನಕ ನಾನೇ ನಿಂತು ಅವನಿಗೆ ತೋರಿಸಬೇಕು. ಮಧ್ಯಾಹ್ನದವರೆಗೆ ಮರದ ಮುಂದೆ ಕುಳಿತೆ. ಆಮೇಲೆ ಎದ್ದು ಹೋಗಿ ಕಫೀಲನಿಗೆ ಹೇಳಿದೆ.

ನಮ್ಮಿಬ್ಬರ ಮಾತು ಮುರುಕು ಹಿಂದಿಯಲ್ಲಿ. "ಉಸ್ತಾದ್, ನಿನ್ನೆ ಅಸಲಿ ಅಂದೆ. ಇವತ್ತು ನಕಲಿಯಾ?" ಎಂದ.

"ನಿನ್ನೆ ನಾನು ಬಂದೂಕು ಎಲ್ಲಿ ನೋಡಿದೆ ಬಾಬಾ? ಮೊಮ್ಮಗಳನ್ನು ನೋಡುತ್ತಿದ್ದೆ."

ಅವನಿಗೆ ನಗು ಬಂತು, ಆದರೂ ಈಗಲೇ ಬಿಡಲು ಒಪ್ಪಲಿಲ್ಲ. "ಅವನು ಬರಲಿ. ನೀನೇ ತೋರಿಸು. ಆಮೇಲೆ ಖಲಾಸ್, ಹೋಗು."

ಮಾರಿದವನು ಬಂದದ್ದು ಹದಿನೈದು ದಿನಕ್ಕೆ. ಅದಕ್ಕೂ ಮುಂಚೆ, ತೊಟ್ಟಿಲಿನ ದಿನ ನಾನು ಮೈದಾನ್ ಹವಲ್ಲಿಯ ನನ್ನ ಬಾಡಿಗೆ ಕೋಣೆಯಲ್ಲಿ ಫೋನು ಕಿವಿಗಿಟ್ಟುಕೊಂಡು ಹೆಂಗಸರ ಜೋಗುಳ ಕೇಳಿದೆ.

ಊರು ಮುಟ್ಟಿದಾಗ ಬಾಗಿಲಲ್ಲೇ ಹೆಂಡತಿ, "ಈಗ ಬಂದ್ರಿ ಸಾಹೇಬ್ರು! ಆಕೀ ಹೆಸರರೆ ಗೊತ್ತೈತೇನು?" ಎಂದಳು.

"ಗೊತ್ತೈತಿ. ಕರದಿಲ್ಲ ಇನ್ನೂ."

ಬೂಟು ಬಿಚ್ಚುವಷ್ಟೂ ತ್ರಾಣವಿರಲಿಲ್ಲ. ಕಟ್ಟೆಗೆ ಕುಳಿತು ಕೈ ಚಾಚಿದೆ. ಬಾಣಂತಿ ಮಗಳು ಕೂಸನ್ನು ತಂದು ತೊಡೆಯ ಮೇಲೆ ಹಾಕಿದಳು. ಬಾಗಿ, ಆ ಪುಟ್ಟ ಕಿವಿಯಲ್ಲಿ ಹೆಸರು ಹೇಳಿದೆ. ಒಂದು ಸಲ ಸಾಲದೆ ಮತ್ತೆ ಮತ್ತೆ ಹೇಳಿದೆ.