ಎರಡು ಬೆಡ್ಡುಗಳ ನಡುವಿನ ಆಟ

ಕಳೆದ ವಾರ ನನ್ನ ಪುಟ್ಟ ಲ್ಯಾಪ್‌ಟಾಪಿನ ಧೂಳು ಒರೆಸುತ್ತಿದ್ದಾಗ ಒಂದು ಕೀ ಮೇಲೆ ಬೆರಳು ಅಂಟಿತು. ಮೇಲಕ್ಕೆ ಬಾಣದ ಗುರುತಿರುವ ಕೀ ಅದು. ಆಸ್ಪತ್ರೆಯ ಪ್ಲಾಸ್ಟರ್ ಕಿತ್ತ ಮೇಲೆ ಉಳಿಯುತ್ತದಲ್ಲ, ಆ ಅಂಟು. ಎಷ್ಟು ಉಜ್ಜಿದರೂ ಜಪ್ಪಯ್ಯ ಅಂದರೂ ಬಿಡಲೊಲ್ಲದು. ಬೆರಳು ಮೂಸಿ ನೋಡಿದೆ. ಸ್ಪಿರಿಟ್ಟಿನ ವಾಸನೆ ನಿಜವಾಗಿ ಇತ್ತೋ, ನನ್ನ ಭ್ರಮೆಯೋ... ಪಕ್ಕದ ಬೆಡ್ಡಿನ ಅಜ್ಜ ಕಣ್ಣೆದುರು ಬಂದುಬಿಟ್ಟರು.

ಕಿಡ್ನಿ ಎರಡೂ ಕೆಟ್ಟಾಗ ನನಗೆ ಮೂವತ್ತೊಂದು. ಅಜ್ಜಂಪುರದಿಂದ ವಾರಕ್ಕೆ ಮೂರು ದಿನ ಬಸ್ಸು ಹತ್ತಿ ತರೀಕೆರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳುವುದು ಶುರುವಾಯಿತು. ಮಧ್ಯಾಹ್ನ ಮಲಗಿದರೆ ಏಳಲು ನಾಲ್ಕು ಗಂಟೆ ಹೊತ್ತು ಬೇಕು. ಸೂಜಿ ಚುಚ್ಚಿದ ಕೈಯನ್ನು ಅಷ್ಟೂ ಹೊತ್ತು ಅಲುಗಿಸುವಂತಿಲ್ಲ. ಮೊದಮೊದಲು ಜೊತೆಗೆ ಅತ್ತೆ ಬಂದರು, ಚಿಕ್ಕಮ್ಮ ಬಂದರು, ಗೆಳತಿಯೂ ಒಂದೆರಡು ಸಲ ಬಂದಳು. ಆಮೇಲೆ ಒಬ್ಬೊಬ್ಬರೇ ಬಿಟ್ಟರು. ಅವರನ್ನೇನು ಅನ್ನಲಿ? ವಾರಕ್ಕೆ ಮೂರು ಸಲ ಒಬ್ಬಳಿಗಾಗಿ ಅಯ್ಯೋ ಪಾಪ ಅನ್ನಲು ಯಾರಿಗಾದರೂ ಪುರುಸೊತ್ತಿರುತ್ತದೆಯೇ?

ಕಡೂರಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ತಮ್ಮ ಒಂದು ಹಳೆಯ ಲ್ಯಾಪ್‌ಟಾಪ್ ತಂದುಕೊಟ್ಟ. ಸೂಜಿಯ ಕೈಯಲ್ಲಿ ನಾನು ಭಾರ ಎತ್ತಬಾರದು ಎಂದು ಹುಡುಕಿ ಹುಡುಕಿ ತಂದದ್ದು. "ಪುಸ್ತಕದಷ್ಟೂ ತೂಕ ಇಲ್ಲ ಕಣಕ್ಕ, ಒಂದೇ ಕೈಲಿ ಎತ್ಕೊ" ಎಂದ. ಒಂದು ಆಟವನ್ನೂ ಹಾಕಿಕೊಟ್ಟಿದ್ದ. ಹಳದಿ ಅಂಗಿಯ ಗೊಂಬೆಯೊಂದು ಓಡುತ್ತದೆ, ಹಳ್ಳ ಬಂದಾಗ ಹಾರಬೇಕು, ನೀರಿಗೆ ಬಿದ್ದರೆ ಸತ್ತಿತು. ಓಡಿಸುವ ಕೀ ಎಡತುದಿಯಲ್ಲಿ, ಹಾರಿಸುವ ಕೀ ಬಲತುದಿಯಲ್ಲಿ. ಎರಡನ್ನೂ ಒಟ್ಟಿಗೆ ಒತ್ತಬೇಕು. ನನ್ನ ಎಡಗೈ ಮಿಷನ್ನಿಗೆ ಮೀಸಲಾಗಿದೆ ಎಂಬುದು ಆ ಪುಣ್ಯಾತ್ಮನ ತಲೆಗೆ ಹೊಳೆದೇ ಇರಲಿಲ್ಲ.

ಬೆಡ್ಡುಗಳ ನಡುವಿನ ಮೇಜಿನ ಮೇಲೆ ಅದನ್ನಿಟ್ಟುಕೊಂಡು ಒಂದೇ ಕೈಯಲ್ಲಿ ಒದ್ದಾಡುತ್ತಿದ್ದೆ. ಆ ಕಡೆಯ ಬೆಡ್ಡಿನಲ್ಲಿ ಅಜ್ಜ. ಅಮೃತಾಪುರದ ಕಡೆಯವರು. ಹಣೆ ತುಂಬ ವಿಭೂತಿ, ಈರುಳ್ಳಿ ಬೆಳೆದು ಬೆಳೆದು ಒರಟಾದ ಕೈ. ಮಲಗಿ ಮೂರು ಗಂಟೆ ಕಳೆಯಿತೋ ಇಲ್ಲವೋ "ಸಿಸ್ಟರಮ್ಮಾ, ಸಾಕು, ಬಿಚ್ಚು ತಾಯೀ" ಎಂದು ದಿನವೂ ರಂಪ ಮಾಡುತ್ತಿದ್ದರು. ಹಾಗೆ ಅರ್ಧಕ್ಕೇ ಎದ್ದರೆ ಮೈಯಲ್ಲಿ ನೀರು ನಿಂತು ಒಂದು ದಿನ ಎದೆಗೆ ಏರುತ್ತದೆ ಎಂದು ಸಿಸ್ಟರ್ ಬೈಯುತ್ತಿದ್ದರು. ಅಜ್ಜ ಕೇಳಿದರೆ ತಾನೇ! ಕಾಗದದ ಮೇಲೆ ಸಹಿ ಹಾಕಿ ಎದ್ದು ಹೋಗುವರು.

ಅಂದು ನನ್ನ ಗೊಂಬೆ ಹತ್ತನೆಯ ಸಲ ನೀರಿಗೆ ಬಿದ್ದಾಗ ಅವರು ಈ ಕಡೆ ತಿರುಗಿದರು.

"ಏನವ್ವಾ, ಪಾಪ, ಅವನನ್ನ ಅಷ್ಟೊಂದ್ಸಲ ಮುಳುಗಿಸ್ತೀಯ?"

"ಹಾರ್ಸಕ್ಕೆ ಇನ್ನೊಂದ್ ಕೈ ಬೇಕಜ್ಜ."

ಅವರು ತಮ್ಮ ಎಡಗೈ ಚಾಚಿದರು. ಅವರಿಗೆ ಸೂಜಿ ಬಲಗೈಗೆ. ನನ್ನ ಕಡೆಗಿದ್ದ ಎಡಗೈ ಖಾಲಿ. "ಎಲ್ಲಿ ಒತ್ತಬೇಕು ಹೇಳು" ಎಂದರು. ಕನ್ನಡಕ ಇಲ್ಲದೆ ಅವರಿಗೆ ಕೀ ಕಾಣುತ್ತಿರಲಿಲ್ಲ. ಸಿಸ್ಟರ್ ನಗುತ್ತಾ ಅದರ ಮೇಲೆ ಒಂದು ಚೂರು ಪ್ಲಾಸ್ಟರ್ ಅಂಟಿಸಿದರು. ನಾನು ಓಡಿಸಿದೆ, ಅಜ್ಜ ಹಾರಿಸಿದರು. ಗೊಂಬೆ ಮೊದಲ ಸಲ ಹಳ್ಳ ದಾಟಿತು. ಅಜ್ಜ ಎತ್ತು ಹೊಡೆಯುವವರ ಹಾಗೆ "ಹೋ ಹೋ ಹೋ" ಎಂದು ಕೂಗಿದ್ದಕ್ಕೆ ವಾರ್ಡೆಲ್ಲ ತಿರುಗಿ ನೋಡಿತು.

ಆಮೇಲೆ ಅದೇ ನಮ್ಮ ಕೆಲಸವಾಯಿತು. ಅಜ್ಜ ಗೊಂಬೆಯನ್ನು "ನಮ್ಮೋನು" ಎನ್ನುತ್ತಿದ್ದರು. ನಮಗಿಬ್ಬರಿಗೂ ದಿನಕ್ಕೆ ಇಷ್ಟೇ ಎಂದು ಅಳೆದು ನೀರು ಕುಡಿಯುವ ಶಿಕ್ಷೆ. "ನಮ್ಮಂಗೇ ಕಣವ್ವ ಇವನೂ, ನೀರು ಕಂಡ್ರೆ ಪ್ರಾಣ ಹೋಗ್ತೈತೆ" ಎಂದು ನಗಿಸುತ್ತಿದ್ದರು. ಮೂರು ಗಂಟೆ ಕಳೆದದ್ದು ಅವರಿಗೆ ಗೊತ್ತಾಗುತ್ತಿರಲಿಲ್ಲ. ಕಾಲಿನ ಬಾವು ಇಳಿಯಿತು. "ನೀನು ಆಡ್ತಾ ಇರು ಮಾರಾಯ್ತಿ, ನನ್ನ ಗಂಟಲು ಉಳೀತು" ಎಂದರು ಸಿಸ್ಟರ್. ನಿಜ ಹೇಳಬೇಕೆಂದರೆ ಬದುಕು ಉಳಿದದ್ದು ನನ್ನದೂ ಹೌದು. ಡಯಾಲಿಸಿಸ್ ಇಲ್ಲದ ದಿನಗಳು ನನಗೆ ಉದ್ದವಾಗತೊಡಗಿದವು.

ಕೊನೆಯಲ್ಲೊಂದು ಮುರುಕು ಸೇತುವೆ ಇತ್ತು. ಅಲ್ಲಿ ನಾವು ತಿಂಗಳುಗಟ್ಟಲೆ ಸಿಕ್ಕಿಬಿದ್ದೆವು. ಅಜ್ಜನ ಎಡಗೈ ಒಂದು ಚಿಟಿಕೆ ತಡ ಮಾಡುತ್ತಿತ್ತು. ನನ್ನ ಬಾಯಿ ಸುಮ್ಮನಿರಬೇಕಲ್ಲ! "ಏನಜ್ಜ ನೀವು, ಯಾವಾಗ್ಲೂ ತಡ" ಎಂದು ರೇಗಿದೆ. ಒಂದಲ್ಲ, ಹಲವು ಸಲ. "ಬಲಗೈ ಆಗಿದ್ರೆ ತೋರಿಸ್ತಿದ್ದೆ ಕಣವ್ವ" ಎಂದು ಪೆಚ್ಚಾಗಿ ನಗುತ್ತಿದ್ದರು.

ಒಂದು ಭಾನುವಾರ ತಮ್ಮನೆದುರು ಇದನ್ನೇ ಗೊಣಗಿದೆ. "ಅಯ್ಯೋ, ಇಷ್ಟೇನಾ?" ಎಂದವನೇ ಏನೋ ಒತ್ತಿ, ಎಲ್ಲಾ ಕೀಗಳೂ ಒಂದೇ ಕಡೆ ಇರುವ ಹಾಗೆ ಬದಲಾಯಿಸಿಕೊಟ್ಟ. ಒಂದೇ ಕೈ ಸಾಕು. ನಾನು ಕುಣಿದಾಡಿಬಿಟ್ಟೆ. ಅಜ್ಜನ ನೆನಪೇ ಆಗಲಿಲ್ಲ ಎಂದರೆ ಯಾರೂ ನಂಬಲಾರರು, ಆದರೆ ಆಗಲಿಲ್ಲ.

ಮಾರನೆಯ ದಿನ ಅಜ್ಜ ಎಂದಿನಂತೆ ಕೈ ಚಾಚಿ ಪ್ಲಾಸ್ಟರಿನ ಮೇಲೆ ಬೆರಳಿಟ್ಟು ಕಾದರು. ನಾನು ಆಡಿದೆ. ಅವರು ಒತ್ತದೆಯೇ ಗೊಂಬೆ ಹಾರಿತು. ಎರಡನೆಯ ಹಳ್ಳದಲ್ಲೂ ಹಾರಿತು.

"ಇನ್ನು ನನ್ನ ಬೆರಳು ಬೇಡ್ವೇನವ್ವಾ?"

"ನೀವು ಆರಾಮಾಗಿ ಮಲಗಿ ಅಜ್ಜ" ಎಂದೆ, ಕಣ್ಣು ತೆಗೆಯದೆ.

ಅರ್ಧ ಗಂಟೆಯಲ್ಲಿ ಸೇತುವೆ ದಾಟಿದೆ. "ದಾಟ್ತು ಅಜ್ಜ!" ಎಂದು ತಿರುಗಿದರೆ ಅವರು ಕೈ ಎದೆಯ ಮೇಲಿಟ್ಟುಕೊಂಡು ಸೂರು ನೋಡುತ್ತಿದ್ದರು. "ಒಳ್ಳೇದಾಯ್ತವ್ವ" ಎಂದರು. ಮೂರು ಗಂಟೆ ಕಳೆದದ್ದೇ ಬಿಚ್ಚಲು ಸಿಸ್ಟರನ್ನು ಕರೆದರು.

ಮನೆಗೆ ಹೋದವಳೇ ತಮ್ಮನಿಗೆ ಫೋನು ಮಾಡಿ ಕೇಳಿಕೊಂಡು ಕೀಗಳನ್ನು ಮೊದಲಿನಂತೆ ಮಾಡಿದೆ. ಮುಂದಿನ ಸರದಿಗೆ "ಕೆಟ್ಟೋಯ್ತಜ್ಜ, ನೀವೇ ಹಾರಿಸ್ಬೇಕು" ಎಂದು ಸುಳ್ಳು ಹೇಳಿದೆ. ಅವರು ನಕ್ಕರು. "ಬ್ಯಾಡ ಬಿಡವ್ವ. ನೀನಾಡು, ನಾನು ನೋಡ್ತೀನಿ." ಮತ್ತೆ ಮೂರೇ ಗಂಟೆಗೆ ಬಿಚ್ಚಿಸಿಕೊಂಡು ಎದ್ದರು. ಅದರ ಮುಂದಿನ ಸಲವೂ ಎದ್ದರು. ನಾನು ಬೇಡಿಕೊಂಡೆ, ಜಗಳವಾಡಿದೆ, ಅವರಿಗೆ ಕೇಳುವಂತೆ ಅತ್ತೂಬಿಟ್ಟೆ. "ಬೇಜಾರೇನಿಲ್ಲ ಕಣವ್ವ, ಬೆನ್ನು ನೋಯ್ತೈತೆ ಅಷ್ಟೇ" ಎನ್ನುವರು. ಎರಡು ತಿಂಗಳಾಗಿರಬಹುದು... ಒಂದು ಸೋಮವಾರ ಹೋದರೆ ಆ ಬೆಡ್ಡಿಗೆ ಹೊಸ ಹಾಸು ಹಾಕಿದ್ದರು.

ಹೃದಯ ನಿಂತಿತಂತೆ. ಹಾಗೆ ಬಿಟ್ಟೆದ್ದ ಆ ಒಂದೊಂದು ಗಂಟೆಯಿಂದಲೇ ಹೋದರು ಎಂದು ಯಾರೂ ನನಗೆ ಹೇಳಿಲ್ಲ. ನಾನೇ ಹೇಳಿಕೊಳ್ಳುತ್ತೇನೆ.

ಹದಿನೈದು ದಿನ ಬಿಟ್ಟು ಅಜ್ಜನ ಸೊಸೆ ಕಾಗದಪತ್ರಕ್ಕೆಂದು ಬಂದವರು ನನ್ನನ್ನು ಹುಡುಕಿಕೊಂಡು ಬಂದರು.

"ಆಟದ ಹುಡುಗಿ ನೀವೇನಾ? ಮನೇಲೆಲ್ಲಾ ನಿಮ್ದೇ ಮಾತು ಕಣ್ರೀ. ಎಡಗೈ ತಡ ಮಾಡ್ತೈತೆ ಅಂತ ನಮ್ಮಾವ ಜಗಲಿ ಮೇಲೆ ಕೂತ್ಕಂಡು ಬೆಂಕಿಪೊಟ್ಣ ಒತ್ತೊತ್ತಿ ಕಲಿಯೋರು. ಕೊನೆಗೂ ಇಬ್ರೂ ಸೇರಿ ಸೇತುವೆ ದಾಟಿಸಿದ್ರಂತಲ್ಲ! ಆವತ್ತು ಬೀದೀಲಿ ಸಿಕ್ಕೋರಿಗೆಲ್ಲ ಹೇಳ್ಕಂಡು ಬಂದ್ರು."

ಸೂಜಿಯ ಕೈ ಅಲುಗಿಸದೆ, ಮಲಗಿದ ಹಾಗೆಯೇ, "ಹೌದಕ್ಕ, ಅಜ್ಜನೇ ಹಾರಿಸಿದ್ದು" ಎಂದೆ.

ಈಗಲೂ ವಾರಕ್ಕೆ ಮೂರು ದಿನ ಅದೇ ಬಸ್ಸು, ಅದೇ ಬೆಡ್ಡು. ಲ್ಯಾಪ್‌ಟಾಪ್ ಒಯ್ಯುವುದನ್ನು ಬಿಟ್ಟಿದ್ದೆ. ಕಳೆದ ವಾರ ಒರೆಸಿದ ಮೇಲೆ ಒಯ್ದೆ. ಅಜ್ಜನ ಜಾಗದಲ್ಲಿ ದೇವನೂರಿನ ಹೆಂಗಸೊಬ್ಬರು ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಾರೆ. ಆಟ ತೆರೆದು ನಮ್ಮೋನನ್ನು ಒಂದೇ ಕೈಯಲ್ಲಿ ಓಡಿಸಿದೆ. ಮೊದಲನೇ ಹಳ್ಳದ ದಡಕ್ಕೆ ಬಂದ. ಅಲ್ಲಿಯೇ ನಿಲ್ಲಿಸಿದೆ. ಸಿಸ್ಟರ್ ಬಂದು ಸೂಜಿ ತೆಗೆಯುವವರೆಗೂ ಅವನು ಅಲ್ಲೇ ನಿಂತಿದ್ದ.